ಕಚ್ಚಾ ಲೈಸೆನ್ಸಿನಿಂದ ಪಕ್ಕಾ ಲೈಸೆನ್ಸಿನವರೆಗೆ

ಹತ್ತನೆಯ ಇಯತ್ತೆಯ ಫಲಿತಾಂಶ ಬಂದ ಮರುದಿನವೇ ಅನೇಕ ಮನೆಗಳಲ್ಲಿ ಗಾಡಿಯ ಮಾತು ಏಳುತ್ತದೆ. ಮೈಂದರ್ಗಿ, ದುಧನಿ, ನಾಗಣಸೂರು, ಜೇವೂರುಗಳಂಥ ಊರುಗಳಲ್ಲಿ ಕನ್ನಡ ಶಾಲೆಯನ್ನು ಮುಗಿಸಿದ ಹುಡುಗನು ಅಕ್ಕಲಕೋಟೆಗೋ ಸೋಲಾಪುರಕ್ಕೋ ಕಾಲೇಜಿಗೆಂದು ಹೋಗಬೇಕು. ಬಸ್ಸಿನ ವೇಳೆಗೂ ಕಾಲೇಜಿನ ವೇಳೆಗೂ ಹೊಂದಿಕೆಯಿರುವುದಿಲ್ಲ. ಹುಡುಗಿಯರ ಸ್ಥಿತಿಯಂತೂ ಇನ್ನೂ ಕಠಿಣ. ಸಂಜೆಯ ಬಸ್ಸು ತಪ್ಪಿದರೆ ಮರುದಿನದಿಂದ ಕಾಲೇಜೇ ತಪ್ಪೀತೆಂಬ ಅಂಜಿಕೆ. ಆದಕಾರಣ ಗಾಡಿಯ ಬೇಡಿಕೆಯನ್ನು ಕೇವಲ ಷೋಕಿಯೆಂದು ತಳ್ಳಿಹಾಕುವುದು ನ್ಯಾಯವಲ್ಲ. ಆದರೆ ಹದಿನೈದು–ಹದಿನಾರರ ಮಗನ ಕೈಗೆ ಅಪ್ಪನ ಮೋಟಾರ್‌ಸೈಕಲ್ಲಿನ ಕೀಲಿಕೈಯನ್ನು ಕೊಟ್ಟು ಕಳಿಸುವುದು ಬೇರೆಯೇ ಮಾತು.

ಈ ವಿಷಯದಲ್ಲಿ ಕಾನೂನು ಸ್ಪಷ್ಟವಾಗಿದೆ. 1988ರ ಮೋಟಾರು ವಾಹನ ಕಾಯಿದೆಯ ಪ್ರಕಾರ ಗೇರಿನ ಮೋಟಾರ್‌ಸೈಕಲ್ಲಿಗೆ 18 ವರ್ಷ ತುಂಬಿರಬೇಕು. 16 ತುಂಬಿದವರು ಪಾಲಕರ ಒಪ್ಪಿಗೆಯೊಂದಿಗೆ 50 ಸಿಸಿ ಮೀರದ, ಗೇರಿಲ್ಲದ ಗಾಡಿಯ ಪರವಾನಿಗೆಯನ್ನು ಪಡೆಯಬಹುದು. ಆದರೆ ನಮ್ಮ ಬೀದಿಗಳಲ್ಲಿ ಓಡುವ ಪೆಟ್ರೋಲ್ ಸ್ಕೂಟರುಗಳು ಸಾಮಾನ್ಯವಾಗಿ 100 ಸಿಸಿಗಿಂತ ಮೇಲ್ಪಟ್ಟವು. ‘ಹದಿನಾರಕ್ಕೆ ಸ್ಕೂಟರ್ ನಡೀತದ’ ಎಂಬ ಕಟ್ಟೆಯ ಮೇಲಿನ ಮಾತು ಆದ್ದರಿಂದ ಬಹುಮಟ್ಟಿಗೆ ಹುಸಿ.

2019ರ ತಿದ್ದುಪಡಿಯಲ್ಲಿ ಸೇರಿದ 199-ಎ ಕಲಮನ್ನು ಪ್ರತಿಯೊಬ್ಬ ಪಾಲಕರೂ ತಿಳಿದಿರಬೇಕು. ಅಪ್ರಾಪ್ತ ವಯಸ್ಸಿನವರು ಗಾಡಿ ನಡೆಸಿ ಅಪರಾಧವಾದರೆ ಪಾಲಕರನ್ನು ಅಥವಾ ಗಾಡಿಯ ಮಾಲಕರನ್ನೇ ತಪ್ಪಿತಸ್ಥರೆಂದು ಭಾವಿಸಲಾಗುವುದು. ಮೂರು ವರ್ಷಗಳವರೆಗಿನ ಸೆರೆವಾಸ, 25,000 ರೂಪಾಯಿ ದಂಡ, ಗಾಡಿಯ ನೋಂದಣಿ 12 ತಿಂಗಳು ರದ್ದು. ಮಗುವಿಗೆ 25 ವರ್ಷ ತುಂಬುವವರೆಗೆ ಲೈಸೆನ್ಸ್ ದೊರೆಯದು. ಇದಕ್ಕಿಂತಲೂ ಭಾರವಾದುದು ವಿಮೆಯ ಪ್ರಶ್ನೆ. ಲೈಸೆನ್ಸ್ ಇಲ್ಲದವರು ನಡೆಸಿದ ಗಾಡಿಯಿಂದ ಯಾರಿಗಾದರೂ ಪ್ರಾಣಹಾನಿಯಾದರೆ, ವಿಮಾ ಕಂಪನಿಯು ಪರಿಹಾರವನ್ನು ಕೊಟ್ಟು, ಆ ಹಣವನ್ನು ಗಾಡಿಯ ಮಾಲಕರಿಂದ ವಸೂಲಿ ಮಾಡುವಂತೆ ನ್ಯಾಯಾಲಯಗಳು ಆದೇಶಿಸಿದ ಪ್ರಕರಣಗಳು ಬಹಳ. ಎರಡು ಎಕರೆ ಹೊಲವಿರುವ ಮನೆತನಕ್ಕೆ ಇದರ ಅರ್ಥವೇನೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಹದಿನೆಂಟು ತುಂಬಿದ ಬಳಿಕ ಮೊದಲು ದೊರೆಯುವುದು ಕಲಿಕಾ ಪರವಾನಿಗೆ. ಜನರ ಬಾಯಲ್ಲಿ ‘ಕಚ್ಚಾ ಲೈಸೆನ್ಸ್’. ‘ಸಾರಥಿ’ ಎಂಬ ಸರಕಾರಿ ಜಾಲತಾಣದಲ್ಲಿ ಅರ್ಜಿಯನ್ನು ತುಂಬಬೇಕು. 2021ರ ಜೂನ್‌ನಿಂದ ಮಹಾರಾಷ್ಟ್ರದಲ್ಲಿ ಆಧಾರ್ ಇದ್ದವರು ಮನೆಯಲ್ಲೇ ಕುಳಿತು ಪರೀಕ್ಷೆಯನ್ನು ಕೊಡುವ ಸೌಲಭ್ಯವೂ ಬಂದಿದೆ. ಸರಕಾರಿ ಶುಲ್ಕ ಕೆಲವೇ ನೂರು ರೂಪಾಯಿ. ಸಂಚಾರ ಚಿಹ್ನೆಗಳು, ರಸ್ತೆಯ ನಿಯಮಗಳು, ಅಪಘಾತವಾದಾಗ ಸವಾರನ ಕರ್ತವ್ಯ, ಕಾವಲುಗಾರನಿಲ್ಲದ ರೈಲು ಗೇಟನ್ನು ದಾಟುವ ರೀತಿ, ಜೊತೆಗಿರಬೇಕಾದ ಕಾಗದಪತ್ರಗಳು ಇವುಗಳ ಮೇಲೆ ಪ್ರಶ್ನೆಗಳಿದ್ದು, ನೂರಕ್ಕೆ ಅರವತ್ತರಷ್ಟು ಉತ್ತರಗಳು ಸರಿಯಾಗಬೇಕು.

ಕನ್ನಡ ಮಾಧ್ಯಮದ ಮಕ್ಕಳು ತಡವರಿಸುವುದು ಇಲ್ಲಿಯೇ. ನಮ್ಮ ಮಕ್ಕಳು ಶಾಲೆಯಲ್ಲಿ ಮರಾಠಿಯನ್ನು ಓದಿರುತ್ತಾರೆ, ಬಜಾರದಲ್ಲಿ ಆಡುತ್ತಾರೆ. ಆದರೆ ಪಠ್ಯಪುಸ್ತಕದ ಮರಾಠಿ ಬೇರೆ, ಸಾರಿಗೆ ಇಲಾಖೆಯ ಮರಾಠಿ ಬೇರೆ. ಲೈಸೆನ್ಸಿಗೆ ಅಲ್ಲಿ ‘ಅನುಜ್ಞಪ್ತಿ’ ಎನ್ನುತ್ತಾರೆ. ಕಲಿಕಾ ಲೈಸೆನ್ಸು ‘ಶಿಕಾವೂ ಅನುಜ್ಞಪ್ತಿ’. ‘ಗತಿರೋಧಕ’ವೆಂದರೆ ರಸ್ತೆಯ ಉಬ್ಬು, ‘ಅರುಂದ ಪೂಲ’ವೆಂದರೆ ಇಕ್ಕಟ್ಟಾದ ಸೇತುವೆ, ‘ವಳಣ’ವೆಂದರೆ ತಿರುವು, ‘ಪಾದಚಾರಿ’ಯೆಂದರೆ ಕಾಲ್ನಡಿಗೆಯವನು. ‘ಡಾವೀಕಡೆ’ ಎಡಕ್ಕೆ, ‘ಉಜವೀಕಡೆ’ ಬಲಕ್ಕೆ. ಗೊತ್ತಿದ್ದರೂ ಗಡಿಯಾರ ಓಡುತ್ತಿರುವಾಗ ಇವೆರಡೂ ಅದಲುಬದಲಾಗುವುದುಂಟು. ‘ಸಾವಕಾಶ’, ‘ಧೋಕಾ’ಗಳು ಮಾತ್ರ ನಮ್ಮವೂ ಹೌದು, ಅವರವೂ ಹೌದು. ಇಂಥ ನಲವತ್ತು–ಐವತ್ತು ಶಬ್ದಗಳನ್ನು ಒಂದು ವಹಿಯಲ್ಲಿ ಕನ್ನಡದ ಅರ್ಥದೊಡನೆ ಬರೆದಿಟ್ಟುಕೊಂಡು ಎರಡು ಸಂಜೆ ಓದಿದರೆ ಸಾಕು. ಶಾಲೆಗಳು ಒಂಬತ್ತನೆಯ ಇಯತ್ತೆಯಲ್ಲಿಯೇ ಈ ಪಟ್ಟಿಯನ್ನು ಗೋಡೆಗೆ ಅಂಟಿಸಿದರೆ ಇನ್ನೂ ಒಳ್ಳೆಯದು.

ಇದನ್ನು ಬಿಟ್ಟು, ಏಜಂಟನಿಗೆ ಹಣವನ್ನು ಕೊಟ್ಟು ಆತನಿಂದಲೇ ಉತ್ತರಗಳನ್ನು ಒತ್ತಿಸುವ ಪಾಲಕರನ್ನು ಕಂಡರೆ ಸೋಜಿಗವೆನಿಸುತ್ತದೆ. ಮಗನ ಗಣಿತದ ಪರೀಕ್ಷೆಯನ್ನು ಬೇರೆಯವರು ಬರೆಯಲೆಂದು ಇವರು ಕೇಳಲಾರರು. ಜೀವದ ಪರೀಕ್ಷೆಯನ್ನು ಮಾತ್ರ ಗುತ್ತಿಗೆಗೆ ಕೊಡುತ್ತಾರೆ.

ಕಚ್ಚಾ ಲೈಸೆನ್ಸಿನ ಅವಧಿ ಆರು ತಿಂಗಳು. ಗಾಡಿಯ ಮುಂದೆಯೂ ಹಿಂದೆಯೂ ಬಿಳಿಯ ಫಲಕದ ಮೇಲೆ ಕೆಂಪು ‘ಎಲ್’ ಅಕ್ಷರವಿರಬೇಕು. ಫಲಕವು ಚೌಕಾಕಾರವಾಗಿ 18 ಸೆಂಟಿಮೀಟರಿಗೆ ಕಡಿಮೆಯಿರಬಾರದು. ಕಲಿಯುವವನು ತನ್ನ ಹಿಂದೆ ಗೆಳೆಯನನ್ನು ಕೂರಿಸಿಕೊಳ್ಳುವಂತಿಲ್ಲ. ಕೂರಬಹುದಾದವರು ಲೈಸೆನ್ಸ್ ಉಳ್ಳ ಕಲಿಸುವವರು ಮಾತ್ರ. 30 ದಿನಗಳು ಕಳೆದ ಬಳಿಕವೇ ಪಕ್ಕಾ ಪರೀಕ್ಷೆ. ಈ ಒಂದು ತಿಂಗಳನ್ನು ಕಾಯುವ ಕಾಲವೆಂದು ಬಗೆಯದೆ ಕಲಿಯುವ ಕಾಲವೆಂದು ಬಗೆಯಬೇಕು.

ಕಲಿಕೆಯು ಕ್ಲಚ್ಚಿನಿಂದ ಆರಂಭವಾಗತಕ್ಕದ್ದು. ಖುಲ್ಲಾ ಮೈದಾನದಲ್ಲಿ ಮೊದಲ ಗೇರು ಹಾಕಿ, ಕ್ಲಚ್ಚನ್ನು ಬಹು ಸಾವಕಾಶವಾಗಿ ಬಿಡುತ್ತ ಬಂದರೆ ಒಂದು ಹಂತದಲ್ಲಿ ಗಾಡಿಯು ತಾನಾಗಿ ಮುಂದೆ ಎಳೆಯತೊಡಗುತ್ತದೆ. ಆ ಹಂತ ಬೆರಳಿಗೆ ಪರಿಚಯವಾಗುವವರೆಗೆ ಎಕ್ಸಲೇಟರನ್ನು ಮುಟ್ಟದಿರುವುದೇ ಲೇಸು. ಗೇರಿನ ಕ್ರಮ ಎಲ್ಲ ಗಾಡಿಗಳಲ್ಲಿಯೂ ಒಂದೇ ಅಲ್ಲ. ಕೆಲವಕ್ಕೆ ಎಲ್ಲವೂ ಮುಂದಕ್ಕೆ ಒತ್ತುವವು, ಕೆಲವಕ್ಕೆ ಮೊದಲನೆಯದು ಕೆಳಗೆ, ಉಳಿದವು ಮೇಲೆ. ಮುಂದಿನ ಬ್ರೇಕನ್ನು ಹಿಡಿದರೆ ಬೀಳುತ್ತೇವೆಂಬ ಭಯ ನಮ್ಮಲ್ಲಿ ಹಳೆಯದು. ವಾಸ್ತವದಲ್ಲಿ ಗಾಡಿಯನ್ನು ನಿಲ್ಲಿಸುವ ಶಕ್ತಿ ಹೆಚ್ಚಾಗಿರುವುದು ಮುಂದಿನ ಬ್ರೇಕಿನಲ್ಲಿಯೇ, ಏಕೆಂದರೆ ನಿಲ್ಲುವಾಗ ಭಾರವೆಲ್ಲ ಮುಂದಿನ ಗಾಲಿಗೆ ಬರುತ್ತದೆ. ಗಾಡಿ ನೆಟ್ಟಗಿರುವಾಗ ಎರಡನ್ನೂ ಕೂಡಿಯೇ, ಹಂತಹಂತವಾಗಿ ಹಿಡಿಯಬೇಕು. ಉಸುಕಿನ ಮೇಲೆ ಅಥವಾ ಹ್ಯಾಂಡಲು ಹೊರಳಿದಾಗ ಮುಂದಿನದನ್ನು ಜಗ್ಗಿ ಹಿಡಿದರೆ ಮಾತ್ರ ಬೀಳುವುದು ಖಚಿತ.

ಸಾರಿಗೆ ಕಚೇರಿಯ ಮೈದಾನದಲ್ಲಿ ಸಾಮಾನ್ಯವಾಗಿ ಎಂಟರ ಆಕಾರದಲ್ಲಿ ಗಾಡಿ ನಡೆಸಲು ಹೇಳುತ್ತಾರೆ. ಕಾಲನ್ನು ನೆಲಕ್ಕೆ ಊರಬಾರದು. ಅಲ್ಲಿ ಕಾಲೂರುವವರಲ್ಲಿ ಹೆಚ್ಚಿನವರು ಮುಂದಿನ ಗಾಲಿಯನ್ನೇ ದಿಟ್ಟಿಸುತ್ತಿರುತ್ತಾರೆ. ಕಣ್ಣು ಹೋದತ್ತ ಗಾಡಿ ಹೋಗುತ್ತದೆ. ಆದ್ದರಿಂದ ದೃಷ್ಟಿ ಮುಂದಿನ ತಿರುವಿನ ಕಡೆಗಿರಲಿ, ಕ್ಲಚ್ಚು ಅರ್ಧ ಹಿಡಿದಿರಲಿ, ಹಿಂದಿನ ಬ್ರೇಕಿನ ಮೇಲೆ ಪಾದ ಹಗುರಾಗಿರಲಿ.

ಮೈದಾನದಲ್ಲಿ ಕಲಿಯಲಾಗದ ಪಾಠಗಳು ನಮ್ಮ ಭಾಗದ ರಸ್ತೆಯ ಮೇಲಿವೆ. ಸುಗ್ಗಿಯಲ್ಲಿ ಕಬ್ಬಿನ ಟ್ರ್ಯಾಕ್ಟರುಗಳು ಎರಡೆರಡು ಟ್ರೇಲರುಗಳನ್ನು ಎಳೆಯುತ್ತ, ಎಷ್ಟೋ ಸಲ ಹಿಂದೀಪವೇ ಇಲ್ಲದೆ ಸಾಗುತ್ತವೆ. ರಾತ್ರಿ ಅವು ಕಾಣುವುದು ಹತ್ತಿರ ಬಂದ ಮೇಲೆಯೇ. ರಾಶಿಗೆಂದು ರಸ್ತೆಯ ಮೇಲೆ ಹರಡಿದ ಬೆಳೆಯ ಮೇಲೆ ಗಾಲಿ ಜಾರುತ್ತದೆ. ಮೊದಲ ಮಳೆಗೆ ಹೊಲದಿಂದ ಬಂದ ಎರೆಮಣ್ಣು ಡಾಂಬರಿನ ಮೇಲೆ ಸಾಬೂನಿನಂತಾಗುತ್ತದೆ. ಗುರುವಾರ ಹಾಗೂ ಹುಣ್ಣಿಮೆಗಳಂದು ಸ್ವಾಮಿ ಸಮರ್ಥರ ದರ್ಶನಕ್ಕೆ ಹೊರಟ ಪರಊರಿನ ಗಾಡಿಗಳು ಅಕ್ಕಲಕೋಟೆಯ ದಾರಿಯಲ್ಲಿ ತುಂಬಿರುತ್ತವೆ. ಹೊಸಬರು ಮೊದಲ ಕೆಲವು ತಿಂಗಳು ಈ ದಾರಿಯಲ್ಲಿ ಕತ್ತಲಾದ ಮೇಲೆ ಹೋಗದಿರುವಂತೆ ಮನೆಯವರು ಕರಾರು ಮಾಡಿಕೊಳ್ಳುವುದು ಒಳ್ಳೆಯದು. ಹೆಲ್ಮೆಟ್ಟು ಸವಾರನಿಗೂ ಹಿಂದೆ ಕುಳಿತವರಿಗೂ ಕಡ್ಡಾಯ. ಅದರ ಮೇಲೆ ಐಎಸ್‌ಐ ಗುರುತಿರಬೇಕು, ಗದ್ದದ ಪಟ್ಟಿಯನ್ನು ಬಿಗಿದಿರಬೇಕು. ಇಲ್ಲದಿದ್ದರೆ ಕಾಯಿದೆಯಲ್ಲಿ ಒಂದು ಸಾವಿರ ರೂಪಾಯಿ ದಂಡವಲ್ಲದೆ ಮೂರು ತಿಂಗಳ ಅನರ್ಹತೆಯೂ ಇದೆ.

ಅರ್ಜಿ ತುಂಬುವಾಗ ಒಂದು ಎಚ್ಚರ. ಕನ್ನಡ ಶಾಲೆಯ ದಾಖಲೆಯಲ್ಲಿನ ಹೆಸರಿಗೂ ಆಧಾರ್‌ನಲ್ಲಿ ಮರಾಠಿಯಿಂದ ಇಂಗ್ಲಿಷಿಗಿಳಿದ ಹೆಸರಿಗೂ ಅಕ್ಷರಭೇದವಿರುವುದು ನಮ್ಮವರಲ್ಲಿ ತೀರ ಸಾಮಾನ್ಯ; ಅಡ್ಡಹೆಸರಂತೂ ಒಂದೊಂದು ಕಾಗದದಲ್ಲಿ ಒಂದೊಂದು ರೂಪ ತಾಳಿರುತ್ತದೆ. ಮೊದಲು ಅದನ್ನು ಸರಿಪಡಿಸಿಕೊಳ್ಳಿರಿ. ಅರ್ಜಿಯಲ್ಲಿ ‘ಗೇರ್ ಉಳ್ಳ ಮೋಟಾರ್‌ಸೈಕಲ್’ ಎಂಬ ವರ್ಗವನ್ನು ಆರಿಸಿರುವಿರೋ ನೋಡಿಕೊಳ್ಳಿರಿ. ಗೇರಿಲ್ಲದ ವರ್ಗದ ಲೈಸೆನ್ಸಿನ ಮೇಲೆ ಗೇರಿನ ಗಾಡಿಯನ್ನು ನಡೆಸಲಾಗದು. ಮೂವತ್ತು ತುಂಬುವ ಮೊದಲು ಪಡೆದ ಪಕ್ಕಾ ಲೈಸೆನ್ಸು ನಲವತ್ತರ ವಯಸ್ಸಿನವರೆಗೆ ನಡೆಯುತ್ತದೆ. ಅದು ಇಡೀ ಭಾರತಕ್ಕೆ ಅನ್ವಯಿಸುವುದರಿಂದ, ಮುಂದಿನ ಓದಿಗೆ ವಿಜಯಪುರಕ್ಕೋ ಕಲಬುರಗಿಗೋ ಹೋಗುವವರು ಅಲ್ಲಿ ಮತ್ತೊಂದನ್ನು ಮಾಡಿಸಬೇಕಾಗಿಲ್ಲ.