ಹಿತ್ತಿಲ ಹಕ್ಕಿಯೂ ಮನೆಯ ಕೊಳಲೂ

ಬೆಳಗಿನ ಜಾವದಲ್ಲಿ ಹಿತ್ತಿಲ ಬಾಗಿಲನ್ನು ತೆರೆದು ಅರ್ಧ ಗಳಿಗೆ ಸುಮ್ಮನೆ ನಿಲ್ಲಬಲ್ಲ ಗೃಹಸ್ಥನಿಗೆ ಸಂಗೀತದ ಕೊರತೆಯಿಲ್ಲ. ನುಗ್ಗೆಯ ಕೊಂಬೆಯಲ್ಲಿ ಪಿಕಳಾರ, ದಾಸವಾಳದಲ್ಲಿ ಸೂರಕ್ಕಿ, ಮಾವಿನ ಮರೆಯಲ್ಲಿ ಕೋಗಿಲೆ. ಇವೆಲ್ಲಕ್ಕೂ ಮಿಗಿಲಾಗಿ ಎತ್ತರದ ಕೊಂಬೆಯ ತುದಿಯಲ್ಲಿ ಕುಳಿತು ಹಾಡುವ ಮಡಿವಾಳ ಹಕ್ಕಿ. ಕಾಸು ಕೊಡದೆ ಕೇಳಬಹುದಾದ ಈ ಕಚೇರಿಗೆ ನಮ್ಮಲ್ಲಿ ಕಿವಿಗೊಡುವವರು ಎಷ್ಟು ಮಂದಿ?

ಕಳೆದ ಬೇಸಿಗೆಯಲ್ಲಿ ನಮ್ಮ ಮನೆಯ ಹತ್ತು ವರ್ಷದ ಹುಡುಗನು ಈ ಮಡಿವಾಳ ಹಕ್ಕಿಯನ್ನು ಹಿಡಿದು ಪಂಜರದಲ್ಲಿ ಇಡಬೇಕೆಂದು ಹಟ ತೊಟ್ಟನು. ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ ಅದು ಅಪರಾಧವೆಂದು ತಿಳಿಸಿದೆವು. ಕಾಯಿದೆಯ ಮಾತು ಮಗುವಿನ ಮನಸ್ಸಿಗೆ ಹತ್ತುವುದುಂಟೆ? “ಹಾಗಾದರೆ ಅದರ ಹಾಡು ಮನೆಯೊಳಕ್ಕೆ ಬರುವುದು ಹೇಗೆ?” ಎಂದು ಕೇಳಿದನು. ಆ ಪ್ರಶ್ನೆಗೆ ಉತ್ತರವಾಗಿ ನಾವು ಕೊಳಲು ಮಾಡಲು ಹೊರಟೆವು.

ಕೊಳಲು ನಮ್ಮ ನಾಡಿನ ಅತಿ ಪುರಾತನ ವಾದ್ಯಗಳಲ್ಲೊಂದು. ೧೩ನೆಯ ಶತಮಾನದ ಶಾರ್ಙ್ಗದೇವನು ತನ್ನ ‘ಸಂಗೀತರತ್ನಾಕರ’ದಲ್ಲಿ ಬಿದಿರಿನ ಕೊಳಲಿನೊಡನೆ ಖದಿರ, ಚಂದನ ಮೊದಲಾದ ಮರಗಳ ಕೊಳಲುಗಳನ್ನೂ ಹೇಳಿರುವನು. ಆದರೆ ಮರವಾದರೆ ಅದರ ಒಡಲನ್ನು ಉದ್ದಕ್ಕೂ ಕೊರೆಯಬೇಕು. ಬಿದಿರಿಗೆ ಆ ಕೆಲಸವನ್ನು ಪ್ರಕೃತಿಯೇ ಮಾಡಿಕೊಟ್ಟಿದೆ. ಗಾಳಿ ತುಂಬಿ ತಾನಾಗಿ ನುಡಿಯುವ ಕೀಚಕವೆಂಬ ಬಿದಿರನ್ನು ಕಾಳಿದಾಸನು ‘ರಘುವಂಶ’ದಲ್ಲಿ ವರ್ಣಿಸಿರುವುದನ್ನು ವಾಚಕರಲ್ಲಿ ಕೆಲವರಾದರೂ ಬಲ್ಲರು.

ನಮ್ಮ ಮೊದಲನೆಯ ಕೊಳಲು ಎರಡು ದಿನವೂ ಬಾಳಲಿಲ್ಲ. ಹಸಿಯ ಬಿದಿರನ್ನು ತಂದು ಅವಸರದಿಂದ ಬೈರಿಗೆಯಲ್ಲಿ ತೂತು ಕೊರೆದೆವು. ಅದು ಒಣಗುತ್ತಲೇ ಉದ್ದಕ್ಕೂ ಸೀಳಿತು. ಹುಡುಗನ ಕಣ್ಣಲ್ಲಿ ನೀರಾಡಿತು. ಆಮೇಲೆ ತಿಳಿದವರನ್ನು ಕೇಳಿ ಕ್ರಮವನ್ನು ಕಲಿತೆವು. ಗಿಣ್ಣುಗಳ ನಡುವೆ ಉದ್ದನೆಯ ಅಂತರವುಳ್ಳ, ತೆಳು ಗೋಡೆಯ, ನೆರಳಿನಲ್ಲಿ ನಿಧಾನವಾಗಿ ಒಣಗಿದ ಬಿದಿರನ್ನು ಆರಿಸತಕ್ಕದ್ದು. ಊದುವ ಕಡೆಯ ಗಿಣ್ಣನ್ನು ಉಳಿಸಿಕೊಂಡರೆ ಅದೇ ಮುಚ್ಚಳವಾಗುವುದು. ಕಬ್ಬಿಣದ ಕಡ್ಡಿಯನ್ನು ಕೆಂಡದಲ್ಲಿ ಕೆಂಪಗೆ ಕಾಯಿಸಿ ರಂಧ್ರಗಳನ್ನು ಸುಟ್ಟು ಮಾಡಬೇಕು. ಬೈರಿಗೆಯು ನಾರನ್ನು ಹರಿದು ಸೀಳುವುದು. ಬೆಂಕಿಯು ಹಾಗೆ ಹರಿಯದೆ ದಾರಿ ಮಾಡಿಕೊಳ್ಳುವುದು. ಕರ್ನಾಟಕ ಸಂಗೀತದ ಕೊಳಲಿಗೆ ಊದುವ ರಂಧ್ರವಲ್ಲದೆ ೮ ರಂಧ್ರಗಳು; ಹಿಂದೂಸ್ತಾನಿ ಬಾನ್ಸುರಿಗೆ ಸಾಮಾನ್ಯವಾಗಿ ೬.

ಶ್ರುತಿ ಕೂಡಿಸುವುದೇ ಇದರಲ್ಲಿ ತಾಳ್ಮೆಯ ಭಾಗ. ಕೊಳವೆ ಉದ್ದವಾದಷ್ಟೂ ಸ್ವರ ತಗ್ಗುವುದು. ಉದ್ದವು ಇಮ್ಮಡಿಯಾದರೆ ಸ್ವರವು ಸುಮಾರು ಒಂದು ಸ್ಥಾಯಿ ಕೆಳಗಿಳಿಯುವುದು. ರಂಧ್ರವನ್ನು ಅಗಲಿಸಿದರೆ ಸ್ವರ ಏರುವುದು. ಆದುದರಿಂದ ಮೊದಲು ಚಿಕ್ಕದಾಗಿ ಸುಟ್ಟು, ಊದಿ ನೋಡಿ, ಅರದಿಂದ ಸ್ವಲ್ಪ ಸ್ವಲ್ಪವಾಗಿ ಉಜ್ಜಬೇಕು. ಅವಸರಪಟ್ಟು ಹೆಚ್ಚು ಉಜ್ಜಿದವರಿಗೆ ಮೇಣವನ್ನು ಮೆತ್ತಿ ರಂಧ್ರವನ್ನು ಕಿರಿದುಗೊಳಿಸುವುದಲ್ಲದೆ ಬೇರೆ ಗತಿಯಿಲ್ಲ. ಈ ಮಾತನ್ನು ಅನುಭವದಿಂದಲೇ ಹೇಳುತ್ತಿರುವೆವು.

ರಂಧ್ರ ಮಾಡಿದ ಬೆಂಕಿಯೇ ಚಿತ್ರವನ್ನೂ ಬರೆಯಬಲ್ಲುದು. ಚನ್ನಪಟ್ಟಣದ ಗೊಂಬೆಗಳಿಗೆ ಬಳಸುವ ಹಾಲೆಮರವು ಬಿಳುಪಾಗಿಯೂ ನಯವಾಗಿಯೂ ಇರುವುದರಿಂದ ಇದಕ್ಕೆ ಬಹಳ ಯೋಗ್ಯ. ಮರದ ಹಿಡಿಯುಳ್ಳ ಉಕ್ಕಿನ ದಬ್ಬಣವನ್ನು ಕಾಯಿಸಿ ಹಲಗೆಯ ಮೇಲೆ ಹಗುರವಾಗಿ ಎಳೆದರೆ ಕಂದು ಗೆರೆ ಮೂಡುವುದು. ತುಸು ತಡೆದರೆ ಕಪ್ಪಾಗುವುದು. ಇದನ್ನು ಗಾಳಿಯಾಡುವ ಜಗಲಿಯಲ್ಲಿ, ಪಕ್ಕದಲ್ಲಿ ನೀರಿಟ್ಟುಕೊಂಡು, ಹಿರಿಯರೇ ಮಾಡತಕ್ಕದ್ದು. ಮಡಿವಾಳ ಹಕ್ಕಿಯಂತೂ ಈ ಕಲೆಗೆಂದೇ ಹುಟ್ಟಿದಂತಿದೆ. ಗಂಡಿನ ತಲೆ, ಎದೆ, ಬೆನ್ನುಗಳ ಕಪ್ಪಿಗೆ ಆಳವಾದ ಸುಡುವಿಕೆ. ಹೆಣ್ಣಿನ ಬೂದು ಬಣ್ಣಕ್ಕೆ ಮೆಲ್ಲನೆಯ ಸುಡುವಿಕೆ. ಹೊಟ್ಟೆಯ ಮತ್ತು ರೆಕ್ಕೆಯ ಪಟ್ಟೆಯ ಬಿಳುಪಿಗೆ ಬೆಂಕಿ ಮುಟ್ಟದ ಬರಿಯ ಮರ.

ನಾವು ನೆನಪಿನಿಂದಲೇ ಹಕ್ಕಿಯನ್ನು ಬರೆದು ಹೆಮ್ಮೆಯಿಂದ ತೋರಿಸಿದೆವು. ಹುಡುಗನು ನೋಡಿ, “ಬಾಲ ತಪ್ಪಾಗಿದೆ; ಅದು ಬಾಲವನ್ನು ಮೇಲಕ್ಕೆತ್ತಿ ನಿಲ್ಲುತ್ತದೆ” ಎಂದನು. ಹಿತ್ತಿಲಿಗೆ ಹೋಗಿ ನೋಡಿದೆವು, ಮಾತು ನಿಜ. ಅಷ್ಟು ವರ್ಷ ದಿನವೂ ಕಂಡ ಹಕ್ಕಿಯನ್ನು ನಾವು ನೋಡಿಯೇ ಇರಲಿಲ್ಲ! ಸುಟ್ಟ ಗೆರೆಯನ್ನು ಅಳಿಸಲಾಗದಷ್ಟೆ. ಆ ಹಲಗೆ ಈಗಲೂ ನಮ್ಮ ಗೋಡೆಯ ಮೇಲಿದೆ; ಅದರ ಪಕ್ಕದಲ್ಲಿ, ಬಾಲವೆತ್ತಿದ ಎರಡನೆಯದು.

ಕೊಳಲಿನಲ್ಲಿ ಕೋಗಿಲೆಯ ಏರುವ ಕೂಗನ್ನು ಹುಡುಗನು ಬೇಗನೆ ಕಲಿತನು. ಬೆರಳನ್ನು ರಂಧ್ರದಿಂದ ಥಟ್ಟನೆ ಎತ್ತದೆ ಮೆಲ್ಲಗೆ ಜಾರಿಸಿದರೆ ಸ್ವರವು ಹಾಗೆಯೇ ಜಾರುತ್ತ ಏರುವುದು. ಮಡಿವಾಳನ ಹಾಡು ಮಾತ್ರ ಇನ್ನೂ ಕೈಗೆ ಸಿಕ್ಕಿಲ್ಲ. ಅದನ್ನು ಹಿಡಿಯಲೆಂದು ಅವನು ಮುಂಜಾನೆ ಎದ್ದು, ಮೆಟ್ಟಿಲ ಮೇಲೆ ಕುಳಿತು, ಸದ್ದಿಲ್ಲದೆ ಆಲಿಸುತ್ತಿದ್ದನು. ಮರಿಗಳು ಹಾರಿಹೋಗಿ ಮಳೆಗಾಲ ಕಳೆಯುತ್ತ ಬಂದಂತೆ ಹಕ್ಕಿಯ ಹಾಡು ಕಡಿಮೆಯಾಯಿತು. “ಯುಗಾದಿಗೆ ಮತ್ತೆ ಹಾಡುತ್ತದೆ, ಅಲ್ಲವೆ?” ಎಂದು ಕೇಳಿದನು. ಪಂಜರದ ಮಾತು ಅವನ ಬಾಯಲ್ಲಿ ಮತ್ತೆ ಬರಲಿಲ್ಲ.

ಮನೆಯಲ್ಲಿ ಮಕ್ಕಳಿರುವವರು ಒಂದು ಒಣಬಿದಿರನ್ನು ತಂದಿಡಲಿ. ಕೊಳಲು ಕೆಟ್ಟರೂ ಕೆಡಲಿ. ಅದರ ನೆವದಿಂದ ಹಿತ್ತಿಲ ಬಾಗಿಲು ತೆರೆಯುವುದು.