ಆಟದ ಅವಧಿಯನ್ನು ಕಸಿಯದಿರೋಣ

ಮಲಪ್ರಭೆಯ ದಡದ ಪಟ್ಟದಕಲ್ಲಿನಲ್ಲಿ ಶಿಲ್ಪಗಳ ಮೈಕಟ್ಟನ್ನು ಮೆಚ್ಚುವ ನಾವು, ಆ ಸೀಮೆಯ ಪ್ರೌಢಶಾಲೆಗಳ ಮಕ್ಕಳ ಮೈಕಟ್ಟಿನ ಬಗ್ಗೆ ಎಷ್ಟು ಯೋಚಿಸಿದ್ದೇವೆ? ಎಸ್‌ಎಸ್‌ಎಲ್‌ಸಿಯ 625 ಅಂಕಗಳಲ್ಲಿ ದೈಹಿಕ ಶಿಕ್ಷಣಕ್ಕೆ ಪಾಲಿಲ್ಲ. ಆದುದರಿಂದಲೇ ಎಷ್ಟೋ ಶಾಲೆಗಳಲ್ಲಿ ಹತ್ತನೆಯ ತರಗತಿಯ ಆಟದ ಅವಧಿ ಗಣಿತದ ಪಾಲಾಗುತ್ತದೆ. ಹೆಣ್ಣುಮಕ್ಕಳಂತೂ ಮೈದಾನವನ್ನೇ ಮರೆಯುತ್ತಾರೆ.

ಖೋ ಖೋ ಆಟಕ್ಕೆ ಬೇಕಾದುದು ಎರಡು ಕಂಬ, ಒಂದಿಷ್ಟು ಬಯಲು. ಸಾಲಿನಲ್ಲಿ ಕುಳಿತ 8 ಮಂದಿಯಲ್ಲಿ ಯಾರೂ ಸಂಗಾತಿ ‘ಖೋ’ ಕೊಡದೆ ಏಳುವಂತಿಲ್ಲ. ತಾಳ್ಮೆ, ಎಚ್ಚರ, ಪರಸ್ಪರ ನಂಬಿಕೆ, ಇವನ್ನು ಯಾವ ಪಠ್ಯಪುಸ್ತಕ ಇಷ್ಟು ಚೆನ್ನಾಗಿ ಕಲಿಸೀತು? 2025ರ ಜನವರಿಯಲ್ಲಿ ದೆಹಲಿಯಲ್ಲಿ ಪ್ರಥಮ ಖೋ ಖೋ ವಿಶ್ವಕಪ್ ಗೆದ್ದ ಭಾರತ ಮಹಿಳಾ ತಂಡದಲ್ಲಿದ್ದ ಬಿ. ಚೈತ್ರಾ ಮೈಸೂರು ಜಿಲ್ಲೆಯ ಕುರುಬೂರು ಎಂಬ ಹಳ್ಳಿಯವರು.

ತಂದೆತಾಯಂದಿರೇ, ಮುಂದಿನ ಪಾಲಕರ ಸಭೆಯಲ್ಲಿ ಅಂಕಪಟ್ಟಿಯ ಜೊತೆಗೆ ಆಟದ ವೇಳಾಪಟ್ಟಿಯನ್ನೂ ಕೇಳೋಣ.