ಕೇಳಿದ ಕೂಡಲೇ ಪಾಸ್ ಕೊಡುವ ಗೆಳೆಯ

ಅಮೆರಿಕದ ಬಫಲೊ ನಗರದಲ್ಲಿ 2021ರ ಡಿಸೆಂಬರ್‌ನಲ್ಲಿ ನಡೆದ ಒಂದು ಐಸ್ ಹಾಕಿ ಪಂದ್ಯದ ತುಣುಕನ್ನು ಯೂಟ್ಯೂಬ್‌ನಲ್ಲಿ ಹುಡುಕಿ ನೋಡಿ. ಅನಹೈಮ್ ಡಕ್ಸ್ ತಂಡದ ಟ್ರೆವರ್ ಜೆಗ್ರಸ್ ಗೋಲಿನ ಬಲೆಯ ಹಿಂದೆ ಇದ್ದಾರೆ. ಅಲ್ಲಿಂದ ನೇರ ಹೊಡೆಯಲು ದಾರಿಯಿಲ್ಲ. ಪಕ್ (ಐಸ್ ಹಾಕಿಯಲ್ಲಿ ಚೆಂಡಿನ ಬದಲು ಬಳಸುವ ರಬ್ಬರ್ ಬಿಲ್ಲೆ) ಅನ್ನು ಅವರು ಸ್ಟಿಕ್ ತುದಿಯಲ್ಲಿ ಎತ್ತಿ ಬಲೆಯ ಮೇಲಿಂದ ಆಚೆಗೆ ಹಾರಿಸುತ್ತಾರೆ. ಆಚೆ ಇದ್ದ ಸನ್ನಿ ಮಿಲಾನೊ ಅದು ನೆಲ ಮುಟ್ಟುವ ಮೊದಲೇ ಗಾಳಿಯಲ್ಲೇ ಬಡಿದು ಗೋಲು ಮಾಡುತ್ತಾರೆ.

ಈ ಗೋಲಿನ ಮಾತು ಬಂದಾಗಲೆಲ್ಲ ಜೆಗ್ರಸ್ ಕೈಚಳಕದ್ದೇ ಹೊಗಳಿಕೆ. ನನಗೆ ಹೆಚ್ಚು ಇಷ್ಟವಾದದ್ದು ಮಿಲಾನೊ. ಇಂಥದ್ದೊಂದು ಪಾಸ್ ಬರಬಹುದು ಎಂದು ನಂಬಿ ಆಚೆ ನಿಂತವರು ಇಲ್ಲದಿದ್ದರೆ ಅದು ಬರೀ ಕೈತಪ್ಪಿದ ಪಕ್.

ಮರುವರ್ಷ ಬಂದ ಎನ್‌ಎಚ್‌ಎಲ್ 23 ವಿಡಿಯೊ ಗೇಮ್‌ನ ಮುಖಪುಟದಲ್ಲಿ ಕೆನಡಾದ ಆಟಗಾರ್ತಿ ಸಾರಾ ನರ್ಸ್ ಜೊತೆ ಜೆಗ್ರಸ್ ಚಿತ್ರವಿತ್ತು. ಮಿಲಾನೊ ಇರಲಿಲ್ಲ. ಗೇಮ್‌ನ ಒಳಗೂ ಒಂದರ್ಥದಲ್ಲಿ ಮಿಲಾನೊ ಇಲ್ಲ ಎನ್ನುವುದೇ ನನ್ನ ತಕರಾರು.

ಹಾಕಿ ಎಂದರೆ ನಮಗೆ ನೆನಪಾಗುವುದು ಕೊಡಗಿನ ಹುಲ್ಲಿನ ಮೈದಾನ. ಗೇಮಿಂಗ್ ಲೋಕದಲ್ಲಿ ಮಾತ್ರ ಹಾಕಿ ಎಂದರೆ ಬಹುತೇಕ ಐಸ್ ಹಾಕಿಯೇ, ಅದರಲ್ಲೂ ಇಎ ಸ್ಪೋರ್ಟ್ಸ್ 1991ರಿಂದ ತರುತ್ತಿರುವ ಎನ್‌ಎಚ್‌ಎಲ್ ಸರಣಿ. ಪಿಸಿಗೆ ಬಂದ ಕೊನೆಯ ಆವೃತ್ತಿ ಎನ್‌ಎಚ್‌ಎಲ್ 09. ಆಮೇಲಿನದಕ್ಕೆಲ್ಲ ಪ್ಲೇಸ್ಟೇಷನ್ ಅಥವಾ ಎಕ್ಸ್‌ಬಾಕ್ಸ್ ಬೇಕು, ಹಾಗಾಗಿ ನಮ್ಮ ಕಡೆ ಆಡುವವರು ಕಡಿಮೆ. ಆದರೆ ಫುಟ್‌ಬಾಲ್ ಗೇಮ್ ಆಡುವವರಿಗೂ ನಾನು ಹೇಳಹೊರಟಿರುವುದು ಅರ್ಥವಾದೀತು.

ತಂಡದಲ್ಲಿ ಗೋಲಿ ಸೇರಿ ಆರು ಮಂದಿ. ನಿಮ್ಮ ಕೈಯಲ್ಲಿರುವುದು ಒಂದೇ ಕಂಟ್ರೋಲರ್. ಪಕ್ ಇರುವ ಆಟಗಾರ ನೀವು, ಉಳಿದವರೆಲ್ಲ ಕಂಪ್ಯೂಟರ್. ಪಾಸ್ ಕೊಟ್ಟ ಕೂಡಲೇ ಪಡೆದವನೊಳಗೆ ನೀವು ಜಿಗಿಯುತ್ತೀರಿ, ಕೊಟ್ಟವನು ಕಂಪ್ಯೂಟರ್ ಆಗುತ್ತಾನೆ. ಯೋಚಿಸಿದರೆ ವಿಚಿತ್ರ. ಪಾಸ್ ಕೊಟ್ಟು ಖಾಲಿ ಜಾಗಕ್ಕೆ ಓಡುವ ಉಪಾಯ ನಿಮ್ಮ ತಲೆಯಲ್ಲಿತ್ತು, ಓಡಬೇಕಾದ ಕಾಲು ಈಗ ನಿಮ್ಮದಲ್ಲ.

ಈ ಜೊತೆಗಾರರು ಮೆನುವಿನಲ್ಲಿ ನೀವು ಆರಿಸಿದ ತಂತ್ರದಂತೆ ನಡೆಯುತ್ತಾರೆ. ಓವರ್‌ಲೋಡ್ ಎಂದರೆ ಒಂದೇ ಬದಿಯಲ್ಲಿ ಗುಂಪಾಗುತ್ತಾರೆ, ಕ್ರ್ಯಾಶ್ ದಿ ನೆಟ್ ಎಂದರೆ ಬಲೆಯ ಮುಂದೆ ನುಗ್ಗುತ್ತಾರೆ. ಐಸ್ ಹಾಕಿಯಲ್ಲಿ ಪಕ್‌ಗಿಂತ ಮೊದಲು ಎದುರಾಳಿಯ ನೀಲಿ ಗೆರೆ ದಾಟಿದರೆ ಆಫ್‌ಸೈಡ್. ನಿಜವಾದ ಆಟಗಾರ ಗೆರೆಯ ಉದ್ದಕ್ಕೂ ಬಾಗಿ ಜಾರುತ್ತಾ ವೇಗ ಉಳಿಸಿಕೊಳ್ಳುತ್ತಾನೆ. ಕಂಪ್ಯೂಟರ್ ಜೊತೆಗಾರ ಎಷ್ಟೋ ಸಲ ಗೆರೆಯ ಹತ್ತಿರ ಬ್ರೇಕ್ ಹಾಕಿ, ಬಸ್ ಕಾಯುವವನಂತೆ ನಿಂತುಬಿಡುತ್ತಾನೆ. ಅವನು ತಪ್ಪು ಮಾಡುತ್ತಿಲ್ಲ, ನಿಯಮ ಪಾಲಿಸುತ್ತಿದ್ದಾನೆ. ಆದರೆ ನಿಮ್ಮ ದಾಳಿ ಅಲ್ಲೇ ಸತ್ತಿತು.

ಹೀಗೆ ಹತ್ತಾರು ಸಲ ಆದಮೇಲೆ ಆಡುವವರು ಏನು ಮಾಡುತ್ತಾರೆ? ಜೊತೆಗಾರನಿಗೆ ಅರ್ಥವಾಗುವುದನ್ನಷ್ಟೇ ಮಾಡುತ್ತಾರೆ. ಗೋಲಿಯ ಮುಂದೆ ಒಂದು ಬದಿಯಿಂದ ಇನ್ನೊಂದು ಬದಿಗೆ ಅಡ್ಡ ಪಾಸ್, ನಿಲ್ಲಿಸದೆ ಒಂದೇ ಹೊಡೆತ. ಆನ್‌ಲೈನ್‌ನಲ್ಲಿ ಕೆಲವು ಸಂಜೆ ಆಡಿದರೆ ಸಾಕು, ಈ ಗೋಲನ್ನು ನೋಡಿ ನೋಡಿ ಬೇಸರವಾಗುತ್ತದೆ. 2018ರಲ್ಲಿ ಶುರುವಾದ ಎನ್‌ಎಚ್‌ಎಲ್ ಗೇಮಿಂಗ್ ವರ್ಲ್ಡ್ ಚಾಂಪಿಯನ್‌ಶಿಪ್‌ನಲ್ಲೂ ಒಬ್ಬರ ಎದುರು ಒಬ್ಬರೇ, ಮಿಕ್ಕವರು ಯಂತ್ರಗಳು. ಬಹುಮಾನದ ಹಣ ಕಣ್ಣೆದುರು ಇರುವಾಗ ಯಂತ್ರಕ್ಕೆ ತಿಳಿಯದ ಉಪಾಯವನ್ನು ಯಾರು ತಾನೇ ಪ್ರಯೋಗಿಸುತ್ತಾರೆ?

ಎನ್‌ಎಚ್‌ಎಲ್ 09ರಲ್ಲಿ ಬಂದ ‘ಬಿ ಎ ಪ್ರೊ’ ವಿಧಾನ ಇನ್ನೂ ಸ್ವಾರಸ್ಯಕರ. ಇದರಲ್ಲಿ ಪಂದ್ಯಪೂರ್ತಿ ನೀವು ಒಬ್ಬನೇ ಆಟಗಾರ. ಬಟನ್ ಒತ್ತಿದರೆ ಸ್ಟಿಕ್‌ನಿಂದ ಮಂಜುಗಡ್ಡೆ ಬಡಿದು ಪಾಸ್ ಕೇಳಬಹುದು. ಜೊತೆಗಾರ ಸಾಮಾನ್ಯವಾಗಿ ಕೊಟ್ಟೇ ಕೊಡುತ್ತಾನೆ. ನೀವು ನಿಂತ ಜಾಗ ಒಳ್ಳೆಯದೋ ಅಲ್ಲವೋ ಎಂದು ಕೇಳುವುದೂ ಅಪರೂಪ. ಇನ್ನೊಂದು ಕಡೆ ಕೋಚ್ ಅಂಕ ಕೊಡುತ್ತಿರುತ್ತಾನೆ. ನಿಮ್ಮ ಜಾಗ ಬಿಟ್ಟು ಅಲೆದರೆ ಗ್ರೇಡ್ ಇಳಿಯುತ್ತದೆ.

ಈ ಗ್ರೇಡ್ ನೋಡಿದಾಗಲೆಲ್ಲ ನನಗೆ ವೇಯ್ನ್ ಗ್ರೆಟ್ಸ್‌ಕಿ ನೆನಪಾಗುತ್ತಾರೆ. ಎಲ್ಲರೂ ಬಲೆಯ ಮುಂದೆ ಗುದ್ದಾಡುತ್ತಿದ್ದಾಗ ಅವರು ಬಲೆಯ ಹಿಂದೆ ಹೋಗಿ ನಿಲ್ಲುತ್ತಿದ್ದರು. ಆ ಜಾಗಕ್ಕೆ ‘ಗ್ರೆಟ್ಸ್‌ಕಿಯ ಆಫೀಸು’ ಎಂದೇ ಹೆಸರು ಬಿತ್ತು. ಅವರ ಗೋಲುಗಳು 894, ಗೋಲಿಗೆ ನೆರವಾದ ಅಸಿಸ್ಟ್‌ಗಳು 1,963. ಗೋಲಿನ ದಾಖಲೆಯನ್ನು 2025ರಲ್ಲಿ ಅಲೆಕ್ಸಾಂಡರ್ ಒವೆಚ್ಕಿನ್ ಮುರಿದರು. ಅಸಿಸ್ಟ್ ದಾಖಲೆಯ ಹತ್ತಿರಕ್ಕೂ ಯಾರೂ ಬಂದಿಲ್ಲ. ಆ ಅಸಿಸ್ಟ್‌ಗಳಲ್ಲಿ ಪ್ರತಿಯೊಂದಕ್ಕೂ ಎದುರುಗಡೆ ಗೋಲು ಹೊಡೆದವರು ಒಬ್ಬರಿದ್ದರು. ಎಡ್ಮಂಟನ್ ಆಯಿಲರ್ಸ್ ಕಾಲದಲ್ಲಿ ಅನೇಕ ಬಾರಿ ಅದು ಫಿನ್ಲೆಂಡ್‌ನ ಯಾರಿ ಕುರಿ.

ಕಂಪ್ಯೂಟರ್ ಪರವಾಗಿಯೂ ಒಂದು ಮಾತು ಹೇಳಲೇಬೇಕು. ಆರು ಜನರೂ ಮನುಷ್ಯರೇ ಆಡುವ ಆನ್‌ಲೈನ್ ಲೀಗ್ ಕೂಡ ಎನ್‌ಎಚ್‌ಎಲ್ 09ರಿಂದಲೇ ಇದೆ. ಅಪರಿಚಿತರ ಜೊತೆ ಆಡಲು ಹೋದರೆ ಮೂವರು ತಾವೇ ಸ್ಟಾರ್ ಅಂದುಕೊಂಡಿರುತ್ತಾರೆ, ಒಬ್ಬ ಮಧ್ಯದಲ್ಲೇ ಎದ್ದುಹೋಗುತ್ತಾನೆ. ‘ಬಿ ಎ ಪ್ರೊ’ದಲ್ಲೇ ಪಳಗಿದವರನ್ನಂತೂ ಅರ್ಧ ನಿಮಿಷದಲ್ಲಿ ಗುರುತಿಸಬಹುದು, ಎಲ್ಲಿದ್ದರೂ ಸ್ಟಿಕ್ ಬಡಿಯುತ್ತಲೇ ಇರುತ್ತಾರೆ. (ಗ್ರೂಪ್ ಡಿಸ್ಕಷನ್ ಸುತ್ತುಗಳಲ್ಲಿ ಇವರನ್ನು ನೀವೂ ಭೇಟಿಯಾಗಿರುತ್ತೀರಿ.) ಅಂಥವರಿಗಿಂತ ಯಂತ್ರ ಎಷ್ಟೋ ವಾಸಿ. ಅದು ತನ್ನ ಜಾಗದಲ್ಲೇ ಇರುತ್ತದೆ ಎಂಬ ಭರವಸೆಯಿಂದ ತಿರುಗಿ ನೋಡದೆ ಪಾಸ್ ಕೊಡಬಹುದು. ಒಬ್ಬಂಟಿಯಾಗಿ ಹೊಸ ತಿರುವು, ಹೊಸ ಡ್ರಿಬಲ್ ಕಲಿಯುವುದಕ್ಕೂ ಅದೇ ಸರಿ. ಒಬ್ಬನೇ ಮಾಡುವ ಸೃಜನಶೀಲತೆಗೆ ಅದರಿಂದ ಅಡ್ಡಿಯಿಲ್ಲ, ಇಬ್ಬರು ಸೇರಿ ಹುಟ್ಟಿಸಬೇಕಾದದ್ದಕ್ಕೆ ಮಾತ್ರ ಅದು ಒದಗಿ ಬರುವುದಿಲ್ಲ.

ಈ ವ್ಯತ್ಯಾಸ ನನಗೆ ಸರಿಯಾಗಿ ಕಂಡದ್ದು ರೂಮ್‌ಮೇಟ್ ಜೊತೆ ಒಂದೇ ತಂಡದಲ್ಲಿ ಆಡಲು ತೊಡಗಿದಾಗ. ಎರಡು ಕಂಟ್ರೋಲರ್, ಉಳಿದವರು ಕಂಪ್ಯೂಟರ್. ನಾನು ‘ಕೊಡೋ ಮಾರಾಯ’ ಎಂದು ಕೂಗಿದರೂ ಅವನು ಕೊಡುವುದಿಲ್ಲ. ಮೊದಮೊದಲು ಜಗಳವೇ ಆಗುತ್ತಿತ್ತು. ಒಂದು ರಾತ್ರಿ ನಾನು ಕೂಗುತ್ತಿರುವಾಗಲೇ ಅವನು ಹೊಡೆಯುವಂತೆ ಸ್ಟಿಕ್ ಎತ್ತಿ ಕಾದ. ಇಬ್ಬರು ಎದುರಾಳಿಗಳು ಅವನತ್ತ ಸರಿದರು. ನನ್ನ ಎಡಕ್ಕೆ ದೊಡ್ಡ ಜಾಗ ತೆರೆದುಕೊಂಡಿತು. ಅವನು ನನ್ನತ್ತ ಅಲ್ಲ, ಆ ಖಾಲಿ ಜಾಗಕ್ಕೆ ಪಕ್ ಬಿಟ್ಟ. ನಾನು ಅಲ್ಲಿಗೆ ಹೋಗುತ್ತೇನೆಂದು ನನಗಿಂತ ಮೊದಲೇ ಅವನಿಗೆ ಗೊತ್ತಿತ್ತು. ಹೊಡೆತ ಕಂಬಕ್ಕೆ ತಾಗಿ ಹೊರಗೆ ಹೋಯಿತು, ಆ ಮಾತು ಬೇರೆ.

2024ರಲ್ಲಿ ಬಂದ ಎನ್‌ಎಚ್‌ಎಲ್ 25ರಲ್ಲಿ ‘ಐಸ್-ಕ್ಯೂ’ ಎಂಬ ಹೊಸ ವ್ಯವಸ್ಥೆ ತಂದು, ಕಂಪ್ಯೂಟರ್ ಆಟಗಾರರ ಬುದ್ಧಿ ಚುರುಕಾಗಿದೆ ಎಂದು ಇಎ ಹೇಳಿಕೊಂಡಿತು. ಅದು ಪ್ಲೇಸ್ಟೇಷನ್ 5ಕ್ಕೆ ಬಂದಿದೆ, ನಮ್ಮ ರೂಮಿನಲ್ಲಿರುವ 4ಕ್ಕೆ ಇಲ್ಲ. ಮೊದಲ ಸಂಬಳ ಬಂದಮೇಲೆ ನೋಡಬೇಕು. ನೀಲಿ ಗೆರೆಯ ಬಳಿ ಅವರು ಬಸ್ ಕಾಯುವುದನ್ನು ಬಿಟ್ಟಿದ್ದಾರೋ ಎನ್ನುವುದನ್ನು ಆಮೇಲೆ ನೋಡಿಕೊಂಡರಾಯಿತು. ನಾನು ಸ್ಟಿಕ್ ಬಡಿದು ಕೇಳಿದಾಗ ಯಾವನಾದರೂ ಒಬ್ಬ ಪಕ್ ಕೊಡದೆ, ಒಂದು ಕ್ಷಣ ತಡೆಯುತ್ತಾನಾ ಎಂದು ಮೊದಲು ಪರೀಕ್ಷಿಸುತ್ತೇನೆ.